ಮೂರು ಗಡಿಗೆಯ ನೀರು

೧೯೩೮ರ ಬೇಸಿಗೆಯಲ್ಲಿ ಹಿರೇಬೆಂಡಿಗೇರಿಯಲ್ಲಿ ನಾರುಹುಣ್ಣು ಎದ್ದು ಮನೆಗೊಬ್ಬರು ಕಾಲು ಚಾಚಿಕೊಂಡು ಮಲಗಿದ್ದರು. ಪಾದದಲ್ಲೋ ಮೀನಖಂಡದಲ್ಲೋ ಬೊಬ್ಬೆ ಎದ್ದು ಒಡೆದರೆ ಒಳಗಿನಿಂದ ಬಿಳಿ ದಾರದಂಥ ಹುಳ ಹೊರಬರುತ್ತಿತ್ತು. ಅದನ್ನು ಕಡ್ಡಿಗೆ ಸುತ್ತಿ ದಿನಕ್ಕಿಷ್ಟಿಷ್ಟೇ ಎಳೆಯಬೇಕು. ಹರಿದರೆ ಕಾಲು ಬಾತು ಕೀವಾಗುತ್ತದೆ. ಬಿತ್ತನೆ ಹತ್ತಿರ ಬಂದರೂ ಹೊಲಕ್ಕೆ ಹೋಗುವವರಿರಲಿಲ್ಲ.

ಇದಕ್ಕೆಲ್ಲ ಅಡಿವೆವ್ವನೇ ಕಾರಣವೆಂದು ಚಾವಡಿಯಲ್ಲಿ ಕೂತು ಹೇಳಿದವನು ಊರಿಗೆ ದೊಡ್ಡವನಾದ ಮಹಾಲಿಂಗಪ್ಪ ಗೌಡ. ಅಡಿವೆವ್ವ ಅವನ ಹೊಲದಲ್ಲಿ ಕಳೆ ತೆಗೆಯುವ ವಿಧವೆ. ಕಾಲಲ್ಲಿ ನಾರು ಇಟ್ಟುಕೊಂಡೇ ಅವಳು ಮೆಟ್ಟಿಲಬಾವಿಗೆ ಇಳಿದು ಕೊಡ ತುಂಬುವುದನ್ನು ಅವನು ಕಂಡಿದ್ದ. ಅವಳು ಬಾವಿಗೆ ಇಳಿಯಕೂಡದೆಂದು ಪಂಚರು ಅವನ ಮಾತಿಗೆ ತಲೆಯಾಡಿಸಿದರು. ಅಂದಿನಿಂದ ಅವಳು ಕುಂಟುತ್ತ ಹಳ್ಳದವರೆಗೆ ಹೋಗಿ, ಒರತೆ ತೋಡಿ ನೀರು ತರತೊಡಗಿದಳು.

ಹೆಂಡತಿ ಸಿದ್ದವ್ವನ ಒತ್ತಾಯಕ್ಕೆ ಗೌಡ ಶಿಗ್ಗಾವಿಯಿಂದ ಡಾಕ್ಟರನ್ನು ಕರೆಸಿದ. ಅವರು ಮನೆಯಲ್ಲೇ ನೀರು ಸೋಸುವ ಏರ್ಪಾಟು ಮಾಡಿಸಿದರು. ಬಡಿಗ ಮಾಡಿಕೊಟ್ಟ ಕಟ್ಟಿಗೆಯ ಚೌಕಟ್ಟಿನಲ್ಲಿ ಒಂದರ ಮೇಲೊಂದು ಮೂರು ಗಡಿಗೆ. ಮೇಲಿನದರಲ್ಲಿ ಇದ್ದಿಲು, ನಡುವಿನದರಲ್ಲಿ ತೊಳೆದ ಉಸುಕು, ಎರಡರ ತಳದಲ್ಲೂ ಸಣ್ಣ ತೂತು. ಕೆಳಗಿನ ಬರಿದು ಗಡಿಗೆಗೆ ನೀರು ಹನಿಹನಿಯಾಗಿ ಇಳಿಯಬೇಕು. ಮೇಲಿನ ಗಡಿಗೆಯ ಬಾಯಿಗೆ ಒತ್ತಾದ ಅರಿವೆ ಬಿಗಿದರು. ನೋಡಲು ಪಡಸಾಲೆ ತುಂಬ ಜನ ಸೇರಿದ್ದರು. ಹಳ್ಳದಿಂದ ಉಸುಕು ಹೊತ್ತು ತಂದ ಅಡಿವೆವ್ವ ಮಾತ್ರ ಅಂಗಳದಲ್ಲೇ ನಿಂತಿದ್ದಳು.

ಹುಳ ನೀರಿಗೆ ಹೇಗೆ ಬರುತ್ತದೆಂದು ಯಾರೋ ಕೇಳಿದರು. ಹುಣ್ಣಿದ್ದವರು ನೀರಲ್ಲಿ ಕಾಲಿಟ್ಟರೆ ಹುಳ ಅಲ್ಲಿ ಮರಿ ಬಿಡುತ್ತದೆ, ಆ ನೀರು ಕುಡಿದವರ ಮೈಯಲ್ಲಿ ಬೆಳೆಯುತ್ತದೆ ಎಂದರು ಡಾಕ್ಟರು. ಗೌಡ ಅಂಗಳದ ಕಡೆ ನೋಡಿ, ತಾನು ಹೇಳಿದ್ದೂ ಅದನ್ನೇ ಎಂದ.

“ಇಲ್ರಿ ಗೌಡ್ರ,” ಎಂದರು ಡಾಕ್ಟರು. “ಮೈಯಾಗ ಬೆಳ್ದು ಹೊರಗ ಬರಾಕ ಅದಕ್ಕ ಒಂದ್ ವರ್ಷ ಬೇಕು. ಈಗಿನ ಹುಣ್ಣೆಲ್ಲಾ ಹೋದ ಬ್ಯಾಸಗಿ ನೀರಿಂದು. ಆಗ ಯಾರ ಕಾಲಾಗ ಇತ್ತೋ ಅವ್ರಿಂದ ಬಂದದ್ದು.”

ಹೋದ ಬೇಸಿಗೆ ಊರಲ್ಲಿ ಯಾರಿಗೂ ಇರಲಿಲ್ಲವಲ್ಲ ಎಂದು ಜನ ಮಾತಾಡಿಕೊಂಡರು. ಸಿದ್ದವ್ವ ಗಂಡನ ಮುಖ ನೋಡಿ ತಲೆ ತಗ್ಗಿಸಿದಳು. ಗೌಡನ ಕೈ ತಾನಾಗಿ ಧೋತರದ ಅಂಚನ್ನು ಕೆಳಗೆಳೆಯಿತು.

ಹಿಂದೊಮ್ಮೆ ಸವಣೂರಿನ ದಾರಿಯಲ್ಲಿ ಯಾವುದೋ ಕೆರೆಯ ನೀರು ಕುಡಿದು ಬಂದಿದ್ದ ಅವನಿಗೆ ಹೋದ ಬೇಸಿಗೆ ಹಿಮ್ಮಡದ ಹತ್ತಿರ ನಾರು ಎದ್ದಿತ್ತು. ದೊಡ್ಡ ಮನೆಯವನಿಗೆ ಇಂಥ ಹುಣ್ಣೇ ಎಂದು ಜನ ಆಡಿಕೊಂಡಾರೆಂದು, ಜಾಲಿಮುಳ್ಳು ನೆಟ್ಟಿದೆ ಎಂದು ಸುಳ್ಳು ಹೇಳಿ ಅರಿವೆ ಸುತ್ತಿಕೊಂಡಿದ್ದ. ಉರಿ ತಡೆಯಲಾರದೆ, ಹೆಂಗಸರು ನೀರಿಗೆ ಬರುವ ಮುಂಚೆ ನಸುಕಿನಲ್ಲೇ ಬಾವಿಗಿಳಿದು ತಣ್ಣೀರಲ್ಲಿ ಕಾಲು ಇಳಿಬಿಟ್ಟು ಕೂರುತ್ತಿದ್ದ. ಆಗ ಎಷ್ಟು ಹಿತವೆನಿಸಿತ್ತು.

ಆ ದಿನ ಅವನು ಬಾಯಿ ಬಿಡಲಿಲ್ಲ. ಸಿದ್ದವ್ವ ಸೋಸಿದ ನೀರನ್ನು ತಂಬಿಗೆಯಲ್ಲಿ ತಂದಿಟ್ಟಳು. ಅವನು ತಂಬಿಗೆಯನ್ನು ಅತ್ತ ಸರಿಸಿದ. ಮರುದಿನ ಅಂಥವೇ ಮೂರು ಗಡಿಗೆಗಳನ್ನು ಆಳಿನ ಕೈಯಲ್ಲಿ ಅಡಿವೆವ್ವನ ಗುಡಿಸಲಿಗೆ ಕಳಿಸಿದ. ಅವಳು ತಿರುಗಿ ಕಳಿಸಿದಳು. ಆಮೇಲೆ ತಾನೇ ಹೋಗಿ, ಹೊಸ್ತಿಲ ಹೊರಗೆ ನಿಂತು, ಆ ಹುಣ್ಣು ತನ್ನದಾಗಿತ್ತೆಂದು ತಡವರಿಸುತ್ತ ಹೇಳಿದ.

“ನನ್ನ ಹೆಸರು ಚಾವಡ್ಯಾಗ ಕುಂತು ಹೇಳಿದ್ರಿ,” ಎಂದಳು ಅಡಿವೆವ್ವ. “ನಿಮ್ಮ ಹೆಸರು ನನ್ನ ಬಾಗಿಲಾಗ ಬಂದು ಹೇಳಾಕತ್ತೀರಿ.”

ಇಂದು, ನಾಳೆ ಎಂದು ದಿನ ದೂಡಿ, ಕಡೆಗೆ ಗೌಡ ಚಾವಡಿಗೆ ಜನರನ್ನು ಕರೆಸಿದ. ಧೋತರ ಎತ್ತಿ ಕಲೆ ತೋರಿಸಿದ. ಮುಳ್ಳಿನ ಸುಳ್ಳನ್ನೂ ನಸುಕಿನ ಸುಖವನ್ನೂ ಮುಚ್ಚದೆ ಹೇಳಿದ. ಜನ ಬೈಯುತ್ತಾರೆಂದು ಮೈ ಬಿಗಿಹಿಡಿದು ನಿಂತಿದ್ದ.

“ಆಗಿದ್ದು ಆಗಿಹೋತು, ಬಿಡ್ರಿ ಗೌಡ್ರ,” ಎಂದ ಪಂಚರಲ್ಲಿ ಹಿರಿಯನಾದ ಅಜ್ಜಪ್ಪ. “ನಿಮಗೇನು ಗೊತ್ತಿತ್ತೇನ್ರಿ?”

ಉಳಿದವರೂ ಹೌದೆಂದರು. ಅಡಿವೆವ್ವನಿಗೂ ಏನೂ ಗೊತ್ತಿರಲಿಲ್ಲ. ಅವಳಿಗೆ ಈ ಮಾತು ಯಾರೂ ಹೇಳಿರಲಿಲ್ಲ. ಅಲ್ಲಿಯವರೆಗೆ ಹೇಗೋ ತಲೆ ಎತ್ತಿ ನಿಂತಿದ್ದ ಗೌಡ ಆಗ ನೆಲ ನೋಡಿದ.

ಹುಣ್ಣಿದ್ದವರು ಯಾರೇ ಆಗಲಿ ಬಾವಿಗಿಳಿಯಬಾರದು, ಅವರಿಗೆ ಉಳಿದವರು ನೀರು ತಂದುಕೊಡಬೇಕು ಎಂದು ಅಂದು ತೀರ್ಮಾನವಾಯಿತು. ಸಿದ್ದವ್ವ ತಾನೇ ಕೊಡ ಹೊತ್ತು ಅಡಿವೆವ್ವನ ಗುಡಿಸಲಿಗೆ ನಡೆದಳು. ಅಡಿವೆವ್ವ ಕೊಡ ಇಳಿಸಿಕೊಂಡಳು, ಈ ಸಲ ಆಳು ಮತ್ತೆ ಹೊತ್ತು ತಂದ ಗಡಿಗೆಗಳನ್ನೂ ಇಟ್ಟುಕೊಂಡಳು.

ಆದರೆ ಮಳೆ ಬಿದ್ದು ಕಾಲು ಮಾಯ್ದ ಮೇಲೆ ಅವಳು ಗೌಡನ ಹೊಲಕ್ಕೆ ಕಳೆಗೆ ಬರಲಿಲ್ಲ; ಬೇರೆಯವರ ಹೊಲಕ್ಕೆ ಹೋದಳು. ಗೌಡನೂ ಕರೆಕಳಿಸಲಿಲ್ಲ.