ಖಲಾಸ್ ಎಂದ ಗಿರಾಕಿ

ಹೂರಾ ಪೇಟೆಯ ದರ್ಜಿ ರುಕಿಯಮ್ಮನ ಕತ್ತರಿ ಬಾಯಿ ತೆರೆದರೆ ಇಡೀ ಬಹರೈನ್ ಉಸಿರು ಬಿಗಿಹಿಡಿಯುತ್ತಿತ್ತು. ಅಪ್ಪ ಅಮ್ಮ ಇಲ್ಲದ ಅಫೀಫಾ ಅವಳ ಬಳಿ ಕೆಲಸ ಕಲಿಯಲು ಉಳ್ಳಾಲದಿಂದ ಬಂದಿದ್ದಳು. ಇಲ್ಲಿಂದ ಓಡಿಸಿದರೆ ಹೋಗಲು ಬೇರೆ ಮನೆಯಿರಲಿಲ್ಲ.

ಅವಳು ಒಬ್ಬಳೇ ಹೊಲಿದ ಮೊದಲ ಅಬಾಯವನ್ನು ತೊಟ್ಟ ಅರಬಿ ಗಿರಾಕಿ ಕನ್ನಡಿ ನೋಡಿ "ಖಲಾಸ್!" ಎಂದಳು. ಊರಲ್ಲಿ ಖಲಾಸ್ ಎಂದರೆ ಕತೆ ಮುಗಿಯಿತೆಂದೇ ಅರ್ಥ. ಅಫೀಫಾಳ ಎದೆ ಬಡಿದ ರಭಸಕ್ಕೆ ಅಂಗಡಿಯ ಒಂಬತ್ತು ಹೊಲಿಗೆ ಯಂತ್ರಗಳು ತಾವಾಗಿಯೇ ತಿರುಗಿದವು. ಅವಳು ಅಬಾಯದ ತೋಳನ್ನು ಗಟ್ಟಿಯಾಗಿ ಹಿಡಿದಳು.

"ನನ್ನನ್ನು ಕಳಿಸ್ಬೇಡಿ ಮಾಮಿ, ಬಿಚ್ಚಿ ಪುನಃ ಹೊಲಿತೇನೆ."

"ಎಂಥ ಬಿಚ್ಚುದು ಮಾರಾಯ್ತಿ?" ಎಂದಳು ರುಕಿಯಮ್ಮ. " ಸರಿ ಆಯ್ತು, ಇನ್ನೆಂಥದೂ ಬೇಡ ಅಂತ ಹೇಳಿದ್ದು ಅವರು."

ಏಳು ಆನೆ ಎಳೆದರೂ ಅಫೀಫಾಳ ಹಿಡಿತ ಸಡಿಲಲಿಲ್ಲ.

"ಬಿಡು, ಅವರಿಗೆ ಮನೆಗೆ ಹೋಗ್ಲಿಕ್ಕುಂಟು. ನಿನಗೆ ಇನ್ನೊಂದು ಹೊಲಿಲಿಕ್ಕುಂಟು."