ಬಚ್ಚಲ ಚಿಲಕ

ನನ್ನ ತಮ್ಮ ಹೆರಾಯಿನ್ ಚಟಕ್ಕೆ ಬಿದ್ದಾಗ, ಬಡಗಿಯಾದ ಅಪ್ಪ ಬಚ್ಚಲಮನೆಯ ಚಿಲಕವನ್ನೇ ಕಿತ್ತು ಬಿಸಾಕಿದ್ದ. ಒಳಗೆ ಹೋದವರು ಜೋರಾಗಿ ಹಾಡುತ್ತಿರಬೇಕು ಎಂದು ಕಟ್ಟಪ್ಪಣೆ. ಪಕ್ಕದ ಮನೆಯವರು ನಮ್ಮದನ್ನು ಸಂಗೀತ ಶಾಲೆ ಎಂದು ನಗುತ್ತಿದ್ದರು. ನಗಲಿ! ತಮ್ಮನ ಹಾಡು ನಿಂತರೆ ನಾನು ಬಾಗಿಲು ತಳ್ಳುತ್ತಿದ್ದೆ. ಸೂಜಿ ಚುಚ್ಚಿಕೊಂಡು ಬಿದ್ದವನನ್ನು ಒಮ್ಮೆ ಹಾಗೆಯೇ ಉಳಿಸಿಕೊಂಡಿದ್ದೆವು.

ಚಿಕಿತ್ಸಾ ಕೇಂದ್ರದಿಂದ ಅವನು ಕೆನ್ನೆ ತುಂಬಿಕೊಂಡು ಬಂದ. ಕಳಿಸುವಾಗ ನರ್ಸ್ ಹೇಳಿದ್ದಳು: "ಈಗಲೇ ಜಾಸ್ತಿ ಹುಷಾರಾಗಿರಬೇಕು. ಮೈಗೆ ಅಭ್ಯಾಸ ತಪ್ಪಿದೆ, ಮೊದಲಿನಷ್ಟೇ ತಗೊಂಡ್ರೆ ಉಸಿರು ನಿಂತುಹೋಗುತ್ತೆ. ಒಬ್ಬನ್ನೇ ಬಿಡಬೇಡಿ."

ಅಪ್ಪ ಕಿವಿಗೇ ಹಾಕಿಕೊಳ್ಳಲಿಲ್ಲ. "ನನ್ನ ಮಗ ಮನುಷ್ಯ ಆಗಿ ಬಂದಿದಾನೆ. ಅವನಿಗೂ ಮಾನ ಮರ್ಯಾದೆ ಬೇಡ್ವೇನೇ?" ಎಂದು ಹೊಸ ಚಿಲಕ ತಂದು, ಉದ್ದನೆಯ ಸ್ಕ್ರೂ ಹಾಕಿ ಬಿಗಿದ. ತಮ್ಮನ ಕಣ್ಣು ತುಂಬಿ ಬಂತು. ಸ್ಕ್ರೂಗಳನ್ನು ಒಂದೊಂದಾಗಿ ಎತ್ತಿಕೊಟ್ಟವಳು ನಾನೇ.

ಈಗ ಒಳಗೆ ನಲ್ಲಿ ಸುರಿಯುತ್ತಿದೆ, ಹಾಡಿಲ್ಲ. "ಹಾಡೋ, ಒಂದು ಸಾಲಾದ್ರೂ ಹಾಡೋ!" ಎಂದು ನಾನು ಬಾಗಿಲು ಬಡಿಯುತ್ತಿದ್ದೇನೆ. ಅಪ್ಪ ಭುಜ ಕೊಟ್ಟು ಗುದ್ದುತ್ತಿದ್ದಾನೆ. ಅಪ್ಪ ಬಿಗಿದದ್ದು ಎಂದೂ ಸಡಿಲವಾದದ್ದಿಲ್ಲ. ಈ ಚಿಲಕವೂ ಅಲುಗುತ್ತಿಲ್ಲ.