ನೂರಾ ಇಪ್ಪತ್ತು ಡಬ್ಬಿ

ಹೋಗಿದ್ದು ನೂರಾ ಇಪ್ಪತ್ತು ಸ್ಟೀಲ್ ಡಬ್ಬಿ, ತಿರುಗಿ ಬಂದದ್ದು ಹದಿನಾಲ್ಕು. ಶಾಂತಕುಮಾರಿಗೆ ಅಳು ಬರೋದೊಂದು ಬಾಕಿ.

ಆಗಿದ್ದಿಷ್ಟು. ಕೆ.ಬಿ. ಬಡಾವಣೆಯ ಅವರ ಬೆಣ್ಣೆದೋಸೆ ಹೋಟ್ಲ ಹಿಂದಿನ ಚರಂಡಿ ಒಂದಿನ ಕಟ್ಟಿಕೊಂಡಿತು. ಕಸ ಎತ್ತಿಸಿ ನೋಡಿದರೆ ಬರೇ ಚಟ್ನಿ ಕವರು, ಅದೂ ತಮ್ಮದೇ ಹೋಟ್ಲಿಂದು! ನಾಚಿಕೆಯಾಗಿ ಹೋಯ್ತು ಆಕೆಗೆ. ಮರುದಿನದಿಂದಲೇ ಪಾರ್ಸೆಲ್ಲಿಗೆ ಪ್ಲಾಸ್ಟಿಕ್ ಬಂದ್. ದೋಸೆ ಬಾಳೆ ಎಲೆಯಲ್ಲಿ, ಚಟ್ನಿ-ಪಲ್ಯ ಸ್ಟೀಲ್ ಡಬ್ಬಿಯಲ್ಲಿ. ತಿಂದು, ತೊಳೆದು, ತಂದು ಕೊಟ್ಟರಾಯ್ತು. ಡಿಪಾಸಿಟ್ಟು-ಗಿಪಾಸಿಟ್ಟು ಏನೂ ಬ್ಯಾಡ, ನಮ್ಮ ಜನ ಅಷ್ಟು ಕೆಟ್ಟೋರಲ್ಲ ಅಂತ ಆಕೆಯ ವಾದ.

ಗಂಡ ಕೊಟ್ಟೂರೇಶ್ ಹಂಚಿನ ಮುಂದೆ ನಿಂತೇ ನಕ್ಕ. "ನಿನ್ನ ಜನ ಭಾಳ ಒಳ್ಳೇರು ನೋಡು. ಎಲ್ಲಾರ ಮನ್ಯಾಗೂ ಈಗ ಸಾಸಿವೆಗೆ ಹೊಸ ಡಬ್ಬಿ ಐತೆ. ಸೋಮವಾರದೊಳಗೆ ಬರ್ಲಿಲ್ಲ ಅಂದ್ರೆ ನಾನು ಕವರ್ ತರಿಸ್ತೀನಿ. ಆಮೇಲೆ ಜಗಳ ತೆಗೀಬ್ಯಾಡ."

ಶಾಂತಕುಮಾರಿಗೆ ಸಿಟ್ಟು ನೆತ್ತಿಗೇರಿತು. ಶುಕ್ರವಾರ ಮಧ್ಯಾಹ್ನ ಸ್ಕೂಟಿ ಹತ್ತಿ ನೆಟ್ಟಗೆ ವಿದ್ಯಾನಗರಕ್ಕೆ ಹೋದಳು. ಅಲ್ಲಿ ಖಾಯಂ ಗಿರಾಕಿ ನಯನಾ ಟೀಚರ್ ಮನೆಯೊಂದಕ್ಕೇ ಐದು ಡಬ್ಬಿ ಹೋಗಿದ್ದವು. ಬಾಗಿಲು ತೆಗೆದ ನಯನಾ ಮುಖ ಸಣ್ಣದು ಮಾಡಿಕೊಂಡಳು.

"ಅಯ್ಯೋ, ಬರ್ರಿ ಅಕ್ಕಾರೆ, ಕೂಡ್ರಿ. ಡಬ್ಬಿ ತೊಳ್ದು ಇಟ್ಟೀನ್ರಿ. ಆದ್ರೆ ಖಾಲಿ ಹೆಂಗೆ ಕೊಡ್ಲಿ? ಶೇಂಗಾ ಉಂಡಿ ಮಾಡಿ ತುಂಬಿ ಕೊಡೋಣ ಅಂತಿದ್ದೆ. ಪರೀಕ್ಷೆ ಪೇಪರು ತಿದ್ದೋದು ಬಂತು, ಪುರುಸೊತ್ತೇ ಆಗ್ಲಿಲ್ಲ."

ಬಾಯ್ತುಂಬ ಬೈಬೇಕು ಅಂತ ಬಂದವಳು ಕುರ್ಚಿ ಎಳೆದುಕೊಂಡು ಕೂತಳು. ಹೌದಲ್ಲ! ಹರಿಹರದ ನಾದಿನಿ ರೂಪಶ್ರೀ ಉಪ್ಪಿನಕಾಯಿ ಕಳಿಸಿದ ಡಬ್ಬಿ ತನ್ನ ಅಡುಗೆಮನೆಯಲ್ಲೂ ಎಂಟು ತಿಂಗಳಿಂದ ಕೂತಿಲ್ಲವೇ? ಏನಾದರೂ ಮಾಡಿ ತುಂಬಿ ಕಳಿಸೋಣ ಅಂತಲೇ. ಖಾಲಿ ಡಬ್ಬಿ ಯಾರಾದರೂ ತಿರುಗಿ ಕೊಡ್ತಾರೆಯೇ? ಇದು ಹೊಳೀಲಿಲ್ಲವಲ್ಲ, ಎಂಥ ಪೆದ್ದಿ ತಾನು!

ಸಂಜೆ ಗಲ್ಲಾಪೆಟ್ಟಿಗೆ ಮೇಲೆ ಬೋರ್ಡು ಬಿತ್ತು, ವಾಟ್ಸಾಪ್ ಸ್ಟೇಟಸ್ಸೂ ಬಿತ್ತು: "ಡಬ್ಬಿಯಲ್ಲಿ ಒಂದು ಚಮಚ ಸಕ್ಕರೆ ಹಾಕಿ ಕೊಟ್ಟರೂ ನಮಗೆ ಸಂತೋಷ."

ಶನಿವಾರ ನಲವತ್ತು ಬಂದವು. ಭಾನುವಾರ ದೋಸೆ ತಿನ್ನೋರಿಗಿಂತ ಡಬ್ಬಿ ತಂದೋರೇ ಹೆಚ್ಚು. ಸಕ್ಕರೆ, ಅವಲಕ್ಕಿ, ಚಟ್ನಿಪುಡಿ. ಒಬ್ಬ ಅಜ್ಜಿಯಂತೂ ಮಂಡಕ್ಕಿಯನ್ನು ಅದುಮಿ ಅದುಮಿ ತುಂಬಿದ್ದಳು. ಶಾಂತಕುಮಾರಿಗೆ ಎದೆ ತುಂಬಿ ಬಂತು. ಕೊಟ್ಟೂರೇಶ್ ಮಾತ್ರ ಹಂಚಿನಿಂದ ತಲೆ ಎತ್ತದೆ ದೋಸೆ ಹಾಕುತ್ತಿದ್ದ.

ಸೋಮವಾರ ಬೆಳಗ್ಗೆ ಕವರಿನ ವ್ಯಾಪಾರಿ ಹುಜೈಫಾ ಗಾಡಿಯಿಂದ ಬಂಡಲು ಇಳಿಸತೊಡಗಿದ. ಡಬ್ಬಿ ಹೇಗೂ ಬರೋದಿಲ್ಲ ಅಂದುಕೊಂಡು ಕೊಟ್ಟೂರೇಶನೇ ಗುರುವಾರ ಫೋನು ಮಾಡಿ ಹೇಳಿದ್ದ. ಶಾಂತಕುಮಾರಿ ಗಂಡನ ಮುಖ ನೋಡಿದಳು. ಆತ ಸಟ್ಟುಗ ಕೈಯಲ್ಲಿ ಹಿಡಿದೇ ಹೊರಗೆ ಓಡಿದ.

"ವಾಪಸ್ ಹಾಕು ಭಾಯ್, ಕವರು ಬ್ಯಾಡ. ಸಿಟ್ಟಾಗಬ್ಯಾಡ, ಮನೆಗೆ ನಾಕು ದೋಸೆ ಒಯ್ಯಿ."

ದೋಸೆ, ಪಲ್ಯದ ಡಬ್ಬಿ ಕೈಗೆ ಬಂದಾಗ ಹುಜೈಫಾ ಕಿಸೆಗೆ ಕೈ ಹಾಕಿದ. "ಡಬ್ಬಿಗೆ ಡಿಪಾಸಿಟ್ ಎಷ್ಟು ಅಣ್ಣಾ?"

ಕೊಟ್ಟೂರೇಶ್ ಹೆಂಡತಿ ಕಡೆ ನೋಡಲಿಲ್ಲ. "ಏನೂ ಬ್ಯಾಡ," ಅಂದ. "ನೀನು ತಂದು ಕೊಡ್ತೀಯ."